ಬೋರ್ಡ್ ಮೇಲೆ ಹೆಸರು ಬರೆಯುವವಳೇ ಲೀಡರ್ರಾ?

ನವನಗರದ ಅಮ್ಮ · ಬಾಗಲಕೋಟೆ · ಆಗಸ್ಟ್ 9, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಮಗಳು 4ನೇ ತರಗತಿ. ಜೂನ್‌ನಲ್ಲಿ ಅವಳನ್ನು ಕ್ಲಾಸ್ ಲೀಡರ್ ಮಾಡಿದರು. ಮನೆಯಲ್ಲಿ ಹಬ್ಬವೇ ಹಬ್ಬ. ಅತ್ತೆ ಓಣಿಗೆಲ್ಲ ಪೇಢೆ ಹಂಚಿದರು. ಇವಳು ಬ್ಯಾಡ್ಜನ್ನು ರಾತ್ರಿ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದಳು.

ಲೀಡರ್ ಅಂದರೆ ಏನು ಕೆಲಸ ಅಂತ ನಾನು ಕೇಳಿದ್ದು ಎರಡು ತಿಂಗಳಾದ ಮೇಲೆ. ಟೀಚರ್ ಹೊರಗೆ ಹೋದರೆ ಇವಳು ಬೋರ್ಡಿನ ಎಡ ಮೂಲೆಯಲ್ಲಿ ಗೆರೆ ಎಳೆದು, ಮೇಲೆ ‘ಮಾತಾಡಿದವರು’ ಅಂತ ಬರೆಯಬೇಕು. ಕೆಳಗೆ ಹೆಸರುಗಳು. ಬರೆದ ಮೇಲೂ ಬಾಯಿ ಮುಚ್ಚದಿದ್ದರೆ ಹೆಸರಿನ ಮುಂದೆ ಒಂದು ಗುಣಾಕಾರ. ಮೂರು ಗುಣಾಕಾರ ಬಿದ್ದರೆ ಬಾಗಿಲ ಹೊರಗೆ ನಿಲ್ಲಬೇಕು.

ಕಳೆದ ವಾರ ಇವಳ ಪಕ್ಕದಲ್ಲೇ ಕೂರುವ ಗೆಳತಿಗೆ ಮೂರು ಬಿತ್ತು. ಪಾಪ, ಆ ಹುಡುಗಿ ಹಿಂದೆ ತಿರುಗಿ ಪೆನ್ಸಿಲ್ ಕೇಳಿದ್ದಳಂತೆ, ಅಷ್ಟೇ. ಒಂದು ಪಿರಿಯಡ್ ಹೊರಗೆ ನಿಂತಳು. ಅವತ್ತಿನಿಂದ ನನ್ನ ಮಗಳ ಜೊತೆ ಡಬ್ಬಿ ತೆಗೆಯುವವರು ಯಾರೂ ಇಲ್ಲ. “ಬರೀಲಿಲ್ಲ ಅಂದ್ರ ಟೀಚರ್ ನನಗ ಬೈತಾರ. ಬರದ್ರ ಅಕಿ ನನ್ನ ಕೂಡ ಮಾತಾಡಂಗಿಲ್ಲ. ನಾ ಏನ್ ಮಾಡ್ಲಿ?” ಅಂದಳು. ಅಳಲೂ ಇಲ್ಲ. ನನಗೆ ಹೆದರಿಕೆಯಾಗಿದ್ದು ಅದಕ್ಕೇ.

ಈಗ ಮನೆಗೂ ಬಂದಿದೆ ಈ ರೋಗ. ನಿನ್ನೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದಾಳೆ. ‘ಮಾತು ಕೇಳದವರು’. ಮೊದಲನೇ ಹೆಸರು 6 ವರ್ಷದ ತಮ್ಮನದು. ಎರಡನೆಯದು ಅವರಪ್ಪನದು.

ಮುಂದಾಳತನ ಬೇಡ ಅಂತ ನಾನು ಹೇಳುತ್ತಿಲ್ಲ. ನಾಲ್ಕು ಜನರ ಮುಂದೆ ನಿಂತು ಮಾತಾಡಲಿ ಅನ್ನೋ ಆಸೆ ನನಗೂ ಇದೆ, ನಾನಂತೂ ನಿಲ್ಲಲಿಲ್ಲ. ಆದರೆ ಲೀಡರ್ ಆದ ಮೇಲೆ ಮಗು ಒರಟಾಗಲೇಬೇಕಾ? ಮನೆಯಲ್ಲಿ ನಾನು ಏನು ಮಾಡಬಹುದು? ಶಾಲೆಯಲ್ಲಿ ದೂರು ಅನಿಸದ ಹಾಗೆ ಹೇಗೆ ಕೇಳೋದು?

---

ಖಡಕ್ ರೊಟ್ಟಿ · ಆಗಸ್ಟ್ 9, ರಾತ್ರಿ 9:52

ಮೊದಲು ಇದನ್ನು ಹೇಳಿ. ಅಪ್ಪನ ಹೆಸರಿಗೆ ಎಷ್ಟು ಗುಣಾಕಾರ ಬಿದ್ದಿವೆ?

ನವನಗರದ ಅಮ್ಮ · ರಾತ್ರಿ 9:55

ಎರಡು. ಇನ್ನೊಂದು ಬಿದ್ದರೆ ಬಾಲ್ಕನಿ.

---

ರಿಟೈರ್ಡ್ ಕಂಡಕ್ಟರ್ · ಮುಧೋಳ · ಆಗಸ್ಟ್ 10, ಬೆಳಿಗ್ಗೆ 6:15

ಇದರಲ್ಲಿ ಅಂಥದ್ದೇನಿದೆ? ನಾವೆಲ್ಲ ಬೋರ್ಡ್ ಮೇಲೆ ಹೆಸರು ಬರೆಸಿಕೊಂಡೇ ದೊಡ್ಡವರಾಗಿದ್ದೇವೆ. ಮಾನಿಟರ್ ಇಲ್ಲದಿದ್ದರೆ 45 ಮಕ್ಕಳ ಕ್ಲಾಸು ಮಂಗಳವಾರದ ಸಂತೆ ಆಗುತ್ತದೆ. ಈಗಿನ ಪಾಲಕರಿಗೆ ಮಕ್ಕಳ ಕಣ್ಣಲ್ಲಿ ಒಂದು ಹನಿ ಬಂದರೂ ಆಗುವುದಿಲ್ಲ. ಬಸ್ಸಿನಲ್ಲಿ ನಾನು ಎಲ್ಲರಿಗೂ ಬೇಕಾದವನಾಗಿ 30 ವರ್ಷ ಟಿಕೆಟ್ ಹರಿಯಲಿಲ್ಲ.

ಸಾಲಿ ಬಿಟ್ಟವ · ಬೆಳಿಗ್ಗೆ 7:02

ಸರ್, ನಿಮಗೆ ಸಂಬಳ ಇತ್ತು. ಆ ಹುಡುಗಿಗೆ 9 ವರ್ಷ.

ಇನ್ನೊಂದು ಮಾತು. ಶಿಕ್ಷಣ ಹಕ್ಕು ಕಾಯ್ದೆ, 2009, ಸೆಕ್ಷನ್ 17. ಮಗುವಿಗೆ ಹೊಡೆಯುವಂತಿಲ್ಲ, ಮಾನಸಿಕ ಹಿಂಸೆಯನ್ನೂ ಕೊಡುವಂತಿಲ್ಲ. ಒಂದು ಪಿರಿಯಡ್ ಪೂರ್ತಿ ಎಲ್ಲರೂ ನೋಡುವ ಹಾಗೆ ಬಾಗಿಲಲ್ಲಿ ನಿಲ್ಲಿಸುವುದನ್ನು ಏನಂತ ಕರೆಯಬೇಕೋ ನೀವೇ ಹೇಳಿ. ಅದೂ ಇನ್ನೊಂದು ಮಗುವಿನ ಕೈಯಿಂದ.

ನವನಗರದ ಅಮ್ಮ · ಬೆಳಿಗ್ಗೆ 7:30

ಕಾಯ್ದೆ ಹಿಡಿದುಕೊಂಡು ಹೋದರೆ ಅಲ್ಲಿಗೆ ಮುಗಿಯಿತು. ನಾಳೆಯಿಂದ ನನ್ನ ಮಗಳನ್ನು ‘ಕಂಪ್ಲೇಂಟ್ ಮಾಡಿದವರ ಮಗಳು’ ಅಂತಾರೆ. ಟೀಚರ್ ಕೆಟ್ಟವರೂ ಅಲ್ಲ. ಬೇರೆ ದಾರಿ ಹೇಳಿ.

---

ಇಂಡಿ ಕಡೆಯ ಮಾಸ್ತರ · ವಿಜಯಪುರ · ಆಗಸ್ಟ್ 10, ಸಂಜೆ 6:48

ನಾನು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಶಿಕ್ಷಕ. ಮೊದಲು ಒಪ್ಪಿಕೊಂಡುಬಿಡುತ್ತೇನೆ. ಈ ಹೆಸರು ಬರೆಸುವ ಕೆಲಸವನ್ನು ನಾನೂ 11 ವರ್ಷ ಮಾಡಿಸಿದ್ದೇನೆ. ಯಾಕೆ ಅಂತ ಕೇಳಿ. ಐದು ತರಗತಿ, ಇಬ್ಬರು ಶಿಕ್ಷಕರು. ಒಬ್ಬರು ಮೀಟಿಂಗಿಗೆ ಹೋದರೆ ಉಳಿದವರಿಗೆ ಬಿಸಿಯೂಟದ ಲೆಕ್ಕ, ಹಾಜರಿ, ಫೋನಿಗೆ ಬರುವ ನೂರೆಂಟು ಮಾಹಿತಿ. ಆಗ ಯಾರಾದರೂ ಒಬ್ಬ ಗಟ್ಟಿ ದನಿಯ ಹುಡುಗನನ್ನು ಹುಡುಕುತ್ತೇವೆ. ಅವನಿಗೆ ನಾವು ಇಟ್ಟ ಹೆಸರು ಲೀಡರ್. ಅವನು ಮಾಡುವುದು ಪೊಲೀಸ್ ಪೇದೆಯ ಕೆಲಸ.

ಡಿ.ಇಡಿ ಓದುವಾಗ ಒಂದು ಪ್ರಯೋಗದ ಬಗ್ಗೆ ಪಾಠ ಇತ್ತು. ಆಗ ಮಾರ್ಕ್ಸಿಗೆ ಓದಿ ಮರೆತಿದ್ದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಅಯೋವಾದಲ್ಲಿ ಕರ್ಟ್ ಲೆವಿನ್ ಮತ್ತು ಅವರ ಇಬ್ಬರು ಜೊತೆಗಾರರು 10 ವರ್ಷದ ಹುಡುಗರ ಗುಂಪುಗಳನ್ನು ಮಾಡಿದರು. ಶಾಲೆ ಬಿಟ್ಟ ಮೇಲೆ ಮುಖವಾಡ ಮಾಡುವಂಥ ಕೆಲಸ. ಒಂದು ಕಡೆ ಎಲ್ಲವನ್ನೂ ತಾನೇ ಹೇಳಿ ಗದರಿಸುವ ಮುಖಂಡ. ಇನ್ನೊಂದು ಕಡೆ ಮಕ್ಕಳನ್ನು ಕೇಳಿ ತೀರ್ಮಾನ ಮಾಡುವವನು. ಮೂರನೆಯ ಕಡೆ ಸುಮ್ನೆ ಬಿಟ್ಟುಬಿಡುವವನು. ಗದರಿಸುವವನು ಕೋಣೆಯಲ್ಲಿ ಇರುವಷ್ಟು ಹೊತ್ತು ಕೆಲಸ ಚೆನ್ನಾಗಿಯೇ ನಡೆಯಿತು. ಅವನು ಹೊರಗೆ ಹೋದ ಕೂಡಲೇ ಬಿದ್ದುಹೋಯಿತು. ಕೇಳಿ ಮಾಡಿಸಿದ ಗುಂಪಿನಲ್ಲಿ ಮುಖಂಡ ಹೊರಗೆ ಹೋದರೂ ಕೆಲಸ ಹೆಚ್ಚೂಕಡಿಮೆ ಹಾಗೇ ಸಾಗಿತು. ಸುಮ್ನೆ ಬಿಟ್ಟ ಗುಂಪು ಎರಡಕ್ಕೂ ಇಲ್ಲ, ಅಲ್ಲಿ ಬರೀ ಗದ್ದಲ.

ಮತ್ತೂ ಒಂದು ಸಂಗತಿ ಇತ್ತು ಅದರಲ್ಲಿ. ಗದರಿಸುವವನ ಗುಂಪಿನ ಹುಡುಗರು ತಮ್ಮೊಳಗೇ ಒಬ್ಬನನ್ನು ಹಿಡಿದು ಕಾಡಲು ಶುರುಮಾಡಿದರು. ನನ್ನ ತರಗತಿಯಲ್ಲಿ ಆ ‘ಒಬ್ಬ’ ಯಾರು ಅಂತ ನನಗೆ ಗೊತ್ತಿತ್ತು. ನಿಮ್ಮ ಮಕ್ಕಳ ತರಗತಿಯಲ್ಲೂ ಇರುತ್ತಾನೆ, ಕೇಳಿ ನೋಡಿ.

ಬದಲಾಯಿಸಿದ್ದು ಹೇಗೆ ಅಂತ ಹೇಳುತ್ತೇನೆ. ಒಂದೇ ದಿನದಲ್ಲಿ ಆಗಿದ್ದಲ್ಲ, ಎರಡು ವರ್ಷ ಹಿಡಿಯಿತು. ಲೀಡರ್ ಅನ್ನುವ ಒಂದು ಹುದ್ದೆಯನ್ನು ಒಡೆದು ಸಣ್ಣ ಸಣ್ಣ ಕೆಲಸ ಮಾಡಿದೆ. ಗಂಟೆ, ನೀರಿನ ಕೊಡ, ಗಿಡ, ಹಾಲಿನ ಲೋಟ, ಚಪ್ಪಲಿ ಸಾಲು, ಸೀಮೆಸುಣ್ಣ. ಒಬ್ಬೊಬ್ಬರಿಗೆ ಒಂದು ವಾರ. ಯಾರನ್ನೂ ಬಿಡುವಂತಿಲ್ಲ.

ನಮ್ಮಲ್ಲಿ ಗಂಟೆ ಅಂದರೆ ಬೇವಿನ ಮರಕ್ಕೆ ತೂಗುಹಾಕಿದ ಕಬ್ಬಿಣದ ಪಟ್ಟಿ. 3ನೇ ತರಗತಿಯಲ್ಲಿ ಒಬ್ಬ ಹುಡುಗನಿಗೆ ಮಾತು ತೊದಲುತ್ತಿತ್ತು. ಹಾಜರಿ ಕರೆದಾಗ ‘ಎಸ್ ಸರ್’ ಅನ್ನಲೂ ಒದ್ದಾಡುತ್ತಿದ್ದ. ಉಳಿದವರು ನಗುತ್ತಿದ್ದರು. ಅವನ ವಾರ ಬಂತು. ಮೊದಲ ದಿನ ಪಟ್ಟಿ ಕೈಗೆ ನಿಲುಕಲಿಲ್ಲ. ಯಾರನ್ನೂ ಕೇಳದೆ ಬಿಸಿಯೂಟದ ಖಾಲಿ ಡಬ್ಬ ತಂದು, ಬೋರಲು ಹಾಕಿ, ಮೇಲೆ ಹತ್ತಿ ಬಾರಿಸಿದ. ಎಂಥಾ ಸದ್ದು ಅಂತೀರಿ! ಹೊಲದಲ್ಲಿದ್ದವರು ತಿರುಗಿ ನೋಡಿದರು. ಆ ವಾರ ಐದು ದಿನ ಇಡೀ ಶಾಲೆ ಅವನ ಕೈಗೆ ಎದ್ದು ಕೂತಿತು. ತೊದಲು ಹೋಗಲಿಲ್ಲ. ನಗು ಮಾತ್ರ ನಿಂತಿತು.

ಬೋರ್ಡಿನ ಮೂಲೆಯಲ್ಲಿ ಗೆರೆ ನಾನು ಈಗಲೂ ಎಳೆಸುತ್ತೇನೆ. ಮೇಲಿನ ತಲೆಬರಹ ಮಾತ್ರ ಬೇರೆ: ‘ಬೇಕಾದವರು’. ಯಾರಿಗೆ ಪೆನ್ಸಿಲ್ ಬೇಕು, ಯಾರಿಗೆ ಲೆಕ್ಕ ತಿಳಿದಿಲ್ಲ, ಯಾರಿಗೆ ಹೊಟ್ಟೆ ನೋವು. ಆ ವಾರದ ಮಗು ಬರೆದಿಡುತ್ತೆ, ತನ್ನ ಕೈಲಾದ್ದನ್ನು ತಾನೇ ಮಾಡುತ್ತೆ, ಉಳಿದದ್ದು ನನಗೆ. ನವನಗರದ ಅಕ್ಕಾವರೇ, ನಿಮ್ಮ ಮಗಳ ಗೆಳತಿ ಪೆನ್ಸಿಲ್ ಕೇಳಿದ್ದಳು ಅಂದಿರಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಖಡಕ್ ರೊಟ್ಟಿ · ಸಂಜೆ 7:10

ಡಬ್ಬ ಬೋರಲು ಹಾಕಿ ಹತ್ತಿದ ಹುಡುಗನಿಗೆ ನನ್ನ ವೋಟು.

---

ವೋಟಿನ ಅಪ್ಪ · ಬೈಲಹೊಂಗಲ · ಆಗಸ್ಟ್ 10, ರಾತ್ರಿ 8:20

ವೋಟು ಅಂದ ಕೂಡಲೇ ನೆನಪಾಯಿತು. ನಮ್ಮ ಹುಡುಗನ ಶಾಲೆಯಲ್ಲಿ ಶಾಲಾ ಸಂಸತ್ತಿನ ಚುನಾವಣೆ ಆಯಿತು. ಮೊಬೈಲ್‌ನಲ್ಲಿ ಇವಿಎಂ, ಬೆರಳಿಗೆ ಶಾಯಿ, ಎಲ್ಲ ಥೇಟ್ ದೊಡ್ಡವರ ಹಾಗೆಯೇ. ಇವನು ಮೂರು ವೋಟಿನಿಂದ ಸೋತ. ಗೆದ್ದವನು ಹಿಂದಿನ ದಿನ ಲಾಲಿಪಾಪ್ ಹಂಚಿದ್ದನಂತೆ. “ಅಪ್ಪಾ, ಮುಂದಿನ ವರ್ಷ ನಾವು ಡೈರಿಮಿಲ್ಕ್ ಕೊಡೋಣ” ಅಂತಾನೆ. ಏನು ಹೇಳಲಿ?

ಇಂಡಿ ಕಡೆಯ ಮಾಸ್ತರ · ರಾತ್ರಿ 8:41

ಚುನಾವಣೆ ಒಂದು ದಿನದ್ದು. ಅದರ ಮಾರನೇ ದಿನ ಮಂತ್ರಿಗಳು ಏನು ಮಾಡುತ್ತಾರೆ ಅಂತ ಯಾರೂ ಕೇಳುವುದಿಲ್ಲ, ದೊಡ್ಡವರ ಹಾಗೆಯೇ. ನಾನು ಶನಿವಾರ ಲೆಕ್ಕ ಕೇಳುತ್ತೇನೆ. ಆಹಾರ ಮಂತ್ರಿ ಹೇಳಬೇಕು, ಈ ವಾರ ಯಾರು ಊಟ ಬಿಟ್ಟರು, ಯಾಕೆ ಬಿಟ್ಟರು. ಆರೋಗ್ಯ ಮಂತ್ರಿ ಹೇಳಬೇಕು, ಯಾರು ಎರಡು ದಿನ ಬರಲಿಲ್ಲ, ಅವರ ಮನೆಗೆ ಹೋಗಿದ್ದೆಯಾ. ಮೊದಲ ತಿಂಗಳು ಎಲ್ಲರೂ ರಾಜೀನಾಮೆಗೆ ತಯಾರಾಗಿದ್ದರು.

---

ಜಮಖಂಡಿ ಜೋಡಿ ಮಕ್ಕಳು · ಆಗಸ್ಟ್ 11, ಮಧ್ಯಾಹ್ನ 2:05

ಮನೆಯಲ್ಲಿ ಏನು ಮಾಡಬಹುದು ಅಂತ ಕೇಳಿದ್ದೀರಿ. ಏನು ಮಾಡಬಾರದು ಅಂತ ನಾನು ಹೇಳಬಲ್ಲೆ.

ಯೂಟ್ಯೂಬ್ ನೋಡಿ ಗೋಡೆಗೆ ಚಾರ್ಟ್ ಹಾಕಿದ್ದೆ. ಒಳ್ಳೆ ಕೆಲಸಕ್ಕೆ ಒಂದು ಸ್ಟಾರ್, ಹತ್ತು ಸ್ಟಾರಿಗೆ ಒಂದು ಐಸ್‌ಕ್ರೀಮ್. ಮೊದಲ ವಾರ ನನ್ನ ಮಕ್ಕಳು ಸಂತರಾದರು. ಎರಡನೇ ವಾರ ದೊಡ್ಡವನು ಪಕ್ಕದ ಮನೆ ಅಜ್ಜಿಯ ಕೈಚೀಲ ಕಸಿದುಕೊಂಡು ಮೆಟ್ಟಿಲು ಹತ್ತಿದ. ಅಜ್ಜಿ ಕಳ್ಳ ಅಂದುಕೊಂಡು ಕೂಗಿಕೊಂಡರು. ಮೂರನೇ ವಾರ ನನಗೆ ಜ್ವರ. ಒಂದು ಲೋಟ ನೀರು ಕೊಡಪ್ಪಾ ಅಂದೆ. “ಎಷ್ಟು ಸ್ಟಾರ್?” ಅಂದ. ಅವತ್ತೇ ಚಾರ್ಟ್ ಹರಿದು ಹಾಕಿದೆ.

ಆಮೇಲೆ ಹುಡುಕಿ ಓದಿದೆ. ಜರ್ಮನಿಯ ಲೈಪ್ಜಿಗ್‌ನಲ್ಲಿ ವಾರ್ನೆಕೆನ್, ಟೊಮಾಸೆಲ್ಲೋ ಅನ್ನುವ ಇಬ್ಬರು 20 ತಿಂಗಳ ಕೂಸುಗಳ ಮೇಲೆ ಮಾಡಿದ ಪ್ರಯೋಗ, 2008ರದ್ದು. ದೊಡ್ಡವರ ಕೈಯಿಂದ ಬಿದ್ದ ವಸ್ತುವನ್ನು ಕೂಸುಗಳು ತಾವಾಗಿಯೇ ಎತ್ತಿ ಕೊಡುತ್ತಿದ್ದವು. ಕೆಲವು ಕೂಸುಗಳಿಗೆ ಪ್ರತಿ ಸಲ ಆಟಿಕೆ ಕೊಟ್ಟರು. ಆಮೇಲೆ ಕೊಡುವುದನ್ನು ನಿಲ್ಲಿಸಿದರು. ಆಟಿಕೆ ಸಿಕ್ಕಿದ್ದ ಕೂಸುಗಳೇ ಉಳಿದವಕ್ಕಿಂತ ಕಡಿಮೆ ಸಹಾಯ ಮಾಡಿದವು! ಎರಡು ವರ್ಷವೂ ತುಂಬದ ಕೂಸುಗಳು ಕಣ್ರೀ. ಇರುವ ಗುಣಕ್ಕೆ ನಾವೇ ರೇಟು ಹಚ್ಚುತ್ತಿದ್ದೇವೆ.

ರಿಟೈರ್ಡ್ ಕಂಡಕ್ಟರ್ · ಮಧ್ಯಾಹ್ನ 3:30

ಈ ಅಜ್ಜಿ ಕೈಚೀಲದ ಕಥೆಗೆ ನಮ್ಮ ಮನೆಯವಳು ಬಿದ್ದು ಬಿದ್ದು ನಕ್ಕಳು.

---

ಕೋಚಿಂಗ್ ಅಪ್ಪ · ವಿಜಯಪುರ · ಆಗಸ್ಟ್ 11, ರಾತ್ರಿ 10:12

ಎರಡು ದಿನದಿಂದ ಬರೀ ಓದುತ್ತಿದ್ದೆ. ಬರೆಯಲೋ ಬೇಡವೋ ಅಂತ.

ನಮ್ಮ ಊರಲ್ಲಿ ಗೊತ್ತಲ್ಲ. ಸೈನಿಕ ಶಾಲೆ 1963ರಿಂದ ಇಲ್ಲೇ ಇದೆ. ಆ ಕಾಂಪೌಂಡ್ ಮುಂದೆ ಹಾದುಹೋಗುವ ಪ್ರತಿ ಅಪ್ಪನಿಗೂ ಒಂದು ಆಸೆ. ಅದರ ಜೊತೆ ನವೋದಯ, ಕಿತ್ತೂರು, ಮೊರಾರ್ಜಿ ವಸತಿ ಶಾಲೆಗಳು. 6ನೇ ತರಗತಿಯ ಸೀಟಿಗೆ 3ನೇ ತರಗತಿಯಿಂದಲೇ ಕೋಚಿಂಗ್. ನನ್ನ ಮಗನನ್ನೂ ಹಾಕಿದೆ. ಆ ಸೆಂಟರಿನ ಹೆಸರು ಬೇಡ. ಗೋಡೆ ತುಂಬ ‘ನಾಳಿನ ನಾಯಕರು’ ಅಂತ ಬರೆದಿದ್ದಾರೆ.

ಇವನ ಗೆಳೆಯನೂ ಅಲ್ಲೇ ಬರುತ್ತಾನೆ. ಒಂದೇ ಓಣಿ, ಒಂದೇ ಸೈಕಲ್ ಮೇಲೆ ಹೋಗುತ್ತಾರೆ. ಮೊನ್ನೆ ಆ ಹುಡುಗ ಮನೆಗೆ ಬಂದು ಗಣಿತದ ವರ್ಕ್‌ಬುಕ್ ಕೇಳಿದ. ನನ್ನ ಮಗ “ಶಾಲೆಯಲ್ಲಿ ಮರೆತು ಬಂದೆ” ಅಂದ. ಪುಸ್ತಕ ಅವನ ಹಿಂದೆ ದಿವಾನದ ಮೇಲೆ ಇತ್ತು. ಇವನು ಹಾಗೇ ಹಿಂದೆ ಸರಿದು ಅದರ ಮೇಲೆ ಕೂತುಬಿಟ್ಟ. ಗೆಳೆಯ ಹೋದ ಮೇಲೆ ಕೇಳಿದರೆ, “ಅವನಿಗೆ ತೋರಿಸಿದರೆ ನನ್ನ ಸೀಟು ಹೋಗುತ್ತೆ. ಸರ್ರೇ ಹೇಳಿದ್ದಾರೆ, ಇಲ್ಲಿ ಯಾರೂ ಗೆಳೆಯರಲ್ಲ ಅಂತ.”

ಪುಸ್ತಕದ ಮೇಲೆ ಕೂತ ಆ ಮುಖ ಕಣ್ಣಿನಿಂದ ಹೋಗುತ್ತಿಲ್ಲ. ಹೊಟ್ಟೆಯೊಳಗೆ ಕಸಿವಿಸಿ. ಬಿಡಿಸಿದರೆ ಸೀಟು ಸಿಗುತ್ತಾ? ಬಿಡಿಸದಿದ್ದರೆ ಇವನು ಏನಾಗುತ್ತಾನೆ? ಉತ್ತರ ಇದ್ದವರು ಹೇಳಿ.

ಸಾಲಿ ಬಿಟ್ಟವ · ರಾತ್ರಿ 10:40

ಸೈನಿಕ ಶಾಲೆಯ ಆಸೆ ತಪ್ಪಲ್ಲ ಸರ್. ಅದಕ್ಕೋಸ್ಕರ 9 ವರ್ಷಕ್ಕೇ ಪಕ್ಕದವನನ್ನು ವೈರಿ ಮಾಡುವುದು ತಪ್ಪು. ನೀವೇ ಆ ಹುಡುಗನನ್ನು ಮನೆಗೆ ಕರೆದು, ಇಬ್ಬರನ್ನೂ ಒಂದೇ ಚಾಪೆ ಮೇಲೆ ಕೂರಿಸಿ. ಒಬ್ಬನಿಗೆ ಬಂದದ್ದನ್ನು ಇನ್ನೊಬ್ಬನಿಗೆ ಹೇಳಿಕೊಡಲಿ. ಹೇಳಿಕೊಟ್ಟವನಿಗೇ ಲೆಕ್ಕ ಜಾಸ್ತಿ ಕೂರುತ್ತೆ, ಇದನ್ನು ಯಾವ ಮಾಸ್ತರನ್ನಾದರೂ ಕೇಳಿ.

ಇಂಡಿ ಕಡೆಯ ಮಾಸ್ತರ · ಆಗಸ್ಟ್ 12, ಬೆಳಿಗ್ಗೆ 7:20

ಹೌದು. ನಲಿ-ಕಲಿಯಲ್ಲಿ ಇದಕ್ಕೆ ಜಾಗವೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಪದ್ಧತಿ, ಆಮೇಲೆ ರಾಜ್ಯಕ್ಕೆಲ್ಲ ಬಂತು. ಮಕ್ಕಳು ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪು ಶಿಕ್ಷಕರ ಸಹಾಯದ್ದು, ಒಂದು ಗೆಳೆಯರ ಸಹಾಯದ್ದು, ಒಂದು ಸ್ವಕಲಿಕೆಯದು. ಒಂದನೇ ತರಗತಿಯ ಕೂಸಿಗೆ ಮೂರನೇ ತರಗತಿಯವಳು ಅಕ್ಷರ ತಿದ್ದಿಸುವುದು ಅಲ್ಲಿ ದಿನದ ಕೆಲಸ. ಪದ್ಧತಿ ಬಗ್ಗೆ ಜಗಳ ಬೇಕಾದಷ್ಟಿದೆ, ನನ್ನದೂ ಇದೆ. ಈ ಒಂದು ವಿಷಯದಲ್ಲಿ ಮಾತ್ರ ಅದು ಗೆದ್ದಿದೆ. 4ನೇ ತರಗತಿಗೆ ಬಂದ ಕೂಡಲೇ ನಾವು ಬೆಂಚು ಹಾಕಿ, ಬೆನ್ನು ನೋಡುತ್ತ ಕೂರಿಸುತ್ತೇವೆ.

---

ಖಾನಾಪುರದ ಮಳೆ · ಬೆಳಗಾವಿ · ಆಗಸ್ಟ್ 12, ರಾತ್ರಿ 8:55

ನಾನೂ ಟೀಚರ್. ನಮ್ಮದು ಒಂದೇ ಕಾಂಪೌಂಡಿನಲ್ಲಿ ಎರಡು ಶಾಲೆ. ಈ ಕಡೆ ಕನ್ನಡ, ಆ ಕಡೆ ಮರಾಠಿ. ನಡುವೆ ಒಂದು ನಲ್ಲಿ. ಊಟದ ಗಂಟೆಗೆ ತಟ್ಟೆ ತೊಳೆಯಲು ಎರಡೂ ಕಡೆಯ ಮಕ್ಕಳು ಒಟ್ಟಿಗೇ ಓಡುತ್ತಾರೆ. ದಿನಾ ಜಗಳ. ‘ನಿಮ್ಮವರು’ ‘ನಮ್ಮವರು’ ಅನ್ನುವ ಮಾತು ಮನೆಯಿಂದಲೇ ಬಂದಿರುತ್ತೆ, ಬೆಳಗಾವಿ ನೋಡಿ.

ಮೊದಲು ನಾವು ದೊಡ್ಡವರು ಸೌಹಾರ್ದ ಸಭೆ ಮಾಡಿದೆವು. ಭಾಷಣ, ಹಾಡು, ಚಿಕ್ಕಿ. ಮಾರನೇ ದಿನ ಅದೇ ನಲ್ಲಿಯಲ್ಲಿ ಒಬ್ಬನ ಹಲ್ಲು ಅಲುಗಾಡಿತು. ಆಮೇಲೆ ಬೇಸಿಗೆಯಲ್ಲಿ ನೀರು ಸಣ್ಣಗೆ ಬರತೊಡಗಿತು. ಒಂದು ತಟ್ಟೆ ತೊಳೆಯಲು ಹಾಡು ಹೇಳಿ ಮುಗಿಸುವಷ್ಟು ಹೊತ್ತು. ಎರಡೂ ಶಾಲೆಯ 5ನೇ ತರಗತಿಯವರನ್ನು ಕರೆದು ಒಂದೇ ಮಾತು ಹೇಳಿದೆವು: “ನೀರು ಇಷ್ಟೇ ಇದೆ. ಏನು ಮಾಡ್ತೀರೋ ನೀವೇ ಹೇಳಿ.” ಸಂಜೆಯೊಳಗೆ ಎರಡು ಬಕೆಟ್ ಬಂದವು. ಒಂದು ಅದ್ದಲು, ಒಂದು ತೊಳೆಯಲು. ಒಂದನೇ ತರಗತಿಯವರು ಮೊದಲು, ಯಾವ ಶಾಲೆಯವರಾದರೂ ಸರಿ. ಆ ನಿಯಮ ನಾವು ಹೇಳಿಕೊಟ್ಟದ್ದಲ್ಲ. ಈಗ ಆ ಚಿಕ್ಕವರು ನಲ್ಲಿ ಮುಂದೆ “ಪಾಣೀ ಬಂತು, ನೀರು ಆಲಂ” ಅಂತ ಎರಡೂ ಭಾಷೆ ಕಲಸಿ ಕೂಗುತ್ತಾರೆ.

ಕುಂದಾ ಬೇಕೇ ಬೇಕು · ಬೆಳಗಾವಿ · ರಾತ್ರಿ 9:30

ನಿಮ್ಮ ನಲ್ಲಿ ಕಥೆಯನ್ನು 1954ರಲ್ಲಿ ಒಬ್ಬರು ಬೇಕೆಂದೇ ಮಾಡಿ ನೋಡಿದ್ದಾರೆ! ಮುಜಫರ್ ಶರೀಫ್, ಟರ್ಕಿಯಲ್ಲಿ ಹುಟ್ಟಿದ ಮನಶ್ಶಾಸ್ತ್ರಜ್ಞ. ಅಮೆರಿಕದ ಒಕ್ಲಹೋಮಾದಲ್ಲಿ 22 ಹುಡುಗರ ಎರಡು ತಂಡ ಮಾಡಿ, ಪಂದ್ಯ ಆಡಿಸಿ, ಜಗಳ ಹತ್ತಿಸಿದರು. ಬಾವುಟ ಸುಡುವ ಮಟ್ಟಕ್ಕೆ ಹೋಯಿತು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಊಹೂಂ, ಒಬ್ಬರ ಮೇಲೊಬ್ಬರು ಊಟ ಎಸೆದಾಡಿದರು. ಕೊನೆಗೆ ಕ್ಯಾಂಪಿನ ನೀರು ನಿಲ್ಲಿಸಿದರು. ಎರಡೂ ತಂಡ ಸೇರಿ ಪೈಪ್ ಹುಡುಕಿಕೊಂಡು ಟ್ಯಾಂಕಿನ ತನಕ ಹೋದವು. ಜಗಳ ಇಳಿಯಲು ಶುರುವಾಗಿದ್ದು ಅಂಥ ಕೆಲಸಗಳಿಂದ. (ಜಗಳ ಹತ್ತಿಸಿದ್ದಕ್ಕೆ ಅವರಿಗೆ ಯಾರೂ ಮೂರು ಗುಣಾಕಾರ ಹಾಕಲಿಲ್ಲ ಅನಿಸುತ್ತೆ.)

---

ತಿಳಕವಾಡಿ ಅಜ್ಜ · ಬೆಳಗಾವಿ · ಆಗಸ್ಟ್ 13, ಬೆಳಿಗ್ಗೆ 5:50

ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದ್ದು.

ನಮ್ಮ ಬಡಾವಣೆಯಲ್ಲೇ 1924ರ ಕಾಂಗ್ರೆಸ್ ಅಧಿವೇಶನ ನಡೆದದ್ದು. ಗಾಂಧೀಜಿ ಅಧ್ಯಕ್ಷರಾದ ಒಂದೇ ಒಂದು ಅಧಿವೇಶನ. ಅದಕ್ಕೆ ನೀರಿಗೆಂದು ತೋಡಿದ ಬಾವಿ ಈಗಲೂ ಇದೆ. ಡಾ. ನಾ.ಸು. ಹರ್ಡೀಕರ್ ಅದರ ಹಿಂದಿನ ವರ್ಷವಷ್ಟೇ ಸೇವಾದಳ ಕಟ್ಟಿದ್ದರು. ಅದರ ಸ್ವಯಂಸೇವಕರು ಇಲ್ಲಿ ದುಡಿದರು. ನಾನು ಹುಟ್ಟಿದ್ದು ಬಹಳ ಆಮೇಲೆ. ಆದರೆ ಶಾಲೆಯಲ್ಲಿ ಸೇವಾದಳದಲ್ಲಿದ್ದೆ. ಲೇಜಿಮ್, ಕವಾಯತು, ಸೀಟಿ.

ಜಾತ್ರೆಯಲ್ಲಿ ನೀರು ಕೊಡುವ ಕೆಲಸ ನಮ್ಮದು. ರಾತ್ರಿ ಆಗುತ್ತಿತ್ತು. ಒಂದು ಸಲ ನನ್ನನ್ನು ಹತ್ತು ಹುಡುಗರ ನಾಯಕನನ್ನಾಗಿ ಮಾಡಿದರು. ಸೀಟಿ ಸಿಕ್ಕಿತಲ್ಲ, ದಿನವೆಲ್ಲ ಊದಿದೆ. ಮನೆಗೆ ಹೊರಡುವಾಗ ಗುರುಗಳು ಹೇಳಿದರು, “ಹತ್ತೂ ಮಂದೀನ ಅವರವರ ಬಾಗಲಿಗೆ ಮುಟ್ಟಿಸಿ, ಆಮ್ಯಾಲೆ ನಿನ್ನ ಮನಿ.” ಕಂದೀಲು ಹಿಡಿದು ಒಂದೊಂದೇ ಓಣಿ ತಿರುಗಿದೆ. ಒಬ್ಬನ ಮನೆ ನಾಯಿಗೆ ನಾನು ಹೆದರುತ್ತಿದ್ದೆ. ಕೊನೆಯ ಹುಡುಗನನ್ನು ಬಿಟ್ಟಾಗ ಅವನೇ, “ನೀ ಒಬ್ನ ಹೋಗ್ತಿಯೇನೋ?” ಅಂದು ನಮ್ಮ ಓಣಿಯ ತನಕ ಬಂದ. ಆಮೇಲೆ ಅವನನ್ನು ಮತ್ತೆ ಬಿಟ್ಟು ಬರಲು ನಮ್ಮಪ್ಪ ಹೋಗಬೇಕಾಯಿತು. ಮಾರನೇ ದಿನ ಸೀಟಿ ಊದಲಿಲ್ಲ.

---

ಗೋಳಗುಮ್ಮಟ · ವಿಜಯಪುರ · ಆಗಸ್ಟ್ 13, ಸಂಜೆ 5:15

ಇನ್ನೂ ಯಾರೂ ವಚನ ಹಾಕಿಲ್ಲ, ಆಶ್ಚರ್ಯ! ಬಸವನ ಬಾಗೇವಾಡಿ ನಮ್ಮ ಜಿಲ್ಲೆ, ಕೂಡಲಸಂಗಮ ಪಕ್ಕದ ಜಿಲ್ಲೆ. ದಯೆಯ ವಚನ ಇಲ್ಲಿಯ ಮಕ್ಕಳಿಗೆ ಹಾಲು ಕುಡಿದಷ್ಟೇ ಬರುತ್ತೆ. ಕಳೆದ ವರ್ಷ ವಚನ ಕಂಠಪಾಠ ಸ್ಪರ್ಧೆಗೆ ನಾನು ತೀರ್ಪುಗಾರ. ಮೊದಲ ಬಹುಮಾನದ ಹುಡುಗ ಅದೇ ವಚನ ಹೇಳಿದ, ಕಣ್ಣಲ್ಲಿ ನೀರು ಬರುವ ಹಾಗೆ. ಕಪ್ ತಗೊಳ್ಳಲು ವೇದಿಕೆ ಹತ್ತುವಾಗ ಎರಡನೇ ಬಹುಮಾನದವಳನ್ನು ಮೊಣಕೈಯಿಂದ ನೂಕಿದ. ಅದಕ್ಕೇ ಬಾಯಿಪಾಠದ ಮೇಲೆ ನನಗೆ ನಂಬಿಕೆ ಕಡಿಮೆ.

ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಶಾಲೆ ಟ್ರಿಪ್ಪಿನ ಮಕ್ಕಳು ಬಂದರೆ ಏನಾಗುತ್ತೆ ಗೊತ್ತಲ್ಲ. ಎಲ್ಲರೂ ಒಟ್ಟಿಗೆ ಕಿರುಚುತ್ತಾರೆ, ಯಾರ ದನಿಯೂ ಯಾರಿಗೂ ಕೇಳುವುದಿಲ್ಲ. ಒಂದು ಸಲ ಅಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. 10 ವರ್ಷ ಇರಬಹುದು. ಒಂದು ಚಿಕ್ಕ ಮಗು ಗೋಡೆಗೆ ಕಿವಿ ಹಚ್ಚಿ ಅಳುಮುಖ ಮಾಡಿತ್ತು. ಇವಳು ಸುತ್ತ ಓಡಿ, ಒಬ್ಬೊಬ್ಬರ ಹತ್ತಿರ ನಿಂತು, ಬಾಯಿ ಮೇಲೆ ಬೆರಳಿಟ್ಟು ಬಂದಳು. ಪೂರ್ತಿ ಗ್ಯಾಲರಿ ಅಲ್ಲದಿದ್ದರೂ ಅರ್ಧ ಸುಮ್ಮನಾಯಿತು. ಎದುರು ಕಡೆಯಿಂದ ಮಗುವಿನ ಹೆಸರು ಪಿಸುಗುಟ್ಟಿದಳು. ಮಗು ಬೆಚ್ಚಿ ಗೋಡೆಯನ್ನೇ ಮುಟ್ಟಿ ನೋಡಿತು. ಹುಡುಗಿಯ ಅಂಗಿಗೆ ಬ್ಯಾಡ್ಜ್ ಇರಲಿಲ್ಲ.

---

ತಾಂಡಾ ಹುಡುಗ · ಆಗಸ್ಟ್ 14, ರಾತ್ರಿ 11:30

ನಾನು ವಿಜಯಪುರ ಜಿಲ್ಲೆಯ ಒಂದು ತಾಂಡಾದವನು. ದೀಪಾವಳಿ ಮುಗಿದರೆ ಅಪ್ಪ ಅವ್ವ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೋಗುತ್ತಿದ್ದರು. ನಾನೂ ಜೊತೆಗೆ. ವಾಪಸ್ ಬರುವಷ್ಟರಲ್ಲಿ ಮಾರ್ಚ್ ಆಗಿರುತ್ತಿತ್ತು, ಪರೀಕ್ಷೆ ಮುಂದೆ ನಿಂತಿರುತ್ತಿತ್ತು. ಹಾಜರಿ ಕೂಗುವ ಲೀಡರ್ ನನ್ನ ಹೆಸರು ಬಂದಾಗ “ಗುಳೆ” ಅನ್ನುತ್ತಿದ್ದನಂತೆ. ನಾನು ಬಂದ ಮೇಲೂ ಅದೇ ಹೆಸರು ಉಳಿಯಿತು. ಗುಳೆ, ಇಲ್ಲಿ ಬಾ. ಗುಳೆ, ಚಾಕ್ ತಾ.

4ನೇ ತರಗತಿಯಲ್ಲಿ ವಾಪಸ್ ಬಂದ ದಿನ ನನ್ನ ಪಕ್ಕದ ಹುಡುಗ ಒಂದು ಸುರುಳಿ ಕೊಟ್ಟ. ಗೋಡೆಯ ಕ್ಯಾಲೆಂಡರಿನ ಹಾಳೆಗಳು. ತಿಂಗಳು ಮುಗಿದಂತೆ ಹರಿದು, ಹಿಂದಿನ ಬಿಳಿ ಬದಿಯಲ್ಲಿ ಆ ತಿಂಗಳ ಲೆಕ್ಕಗಳನ್ನೆಲ್ಲ ಬರೆದಿಟ್ಟಿದ್ದ. ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಭಾಗಾಕಾರ ಜನವರಿಯಲ್ಲಿತ್ತು. ಅರ್ಧ ತಪ್ಪು ಲೆಕ್ಕ, ಕೋಳಿ ಕೆದರಿದಂಥ ಅಕ್ಷರ. ಅದನ್ನೇ ನೋಡಿ ನಾನು ಪಾಸಾದೆ. ಅವನು ಆ ವರ್ಷ ಗಣಿತದಲ್ಲಿ ನನಗಿಂತ ಕಡಿಮೆ ತೆಗೆದ.

ಅವನನ್ನು ಯಾರೂ ಯಾವತ್ತೂ ಲೀಡರ್ ಮಾಡಲಿಲ್ಲ. ಈಗ ಊರಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಗುಳೆ ಹೋಗುವವರ ಮನೆ ಬೀಗದ ಕೈಗಳು ಅವನ ಗಲ್ಲಾದಲ್ಲೇ ಇರುತ್ತವೆ.

ರಿಟೈರ್ಡ್ ಕಂಡಕ್ಟರ್ · ಆಗಸ್ಟ್ 15, ಬೆಳಿಗ್ಗೆ 6:05

ತಮ್ಮಾ, ರಾತ್ರಿ ಬಸ್ಸಿನಲ್ಲಿ ನಿಮ್ಮಂಥ ಎಷ್ಟೋ ಮಕ್ಕಳಿಗೆ ಹಾಫ್ ಟಿಕೆಟ್ ಹರಿದಿದ್ದೇನೆ. ಸಾಲಿ ಏನಾಗುತ್ತೆ ಅಂತ ಒಂದು ದಿನ ಕೇಳಲಿಲ್ಲ. ಮೊದಲು ಬರೆದಿದ್ದೆನಲ್ಲ, ಮಾನಿಟರ್ ಇರಲಿ ಅಂತ. ಅದು ಈಗಲೂ ಇರಲಿ ಅನಿಸುತ್ತೆ. ಆದರೆ ಬೇರೆ ಥರದವನು.

---

ಖಾನಾಪುರದ ಮಳೆ · ಆಗಸ್ಟ್ 16

ಒಂದು ಸಣ್ಣದು ಸೇರಿಸುತ್ತೇನೆ. ಪಂಚಾಯಿತಿಗಳಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ಆಗುತ್ತೆ, ನವೆಂಬರ್ ಸುಮಾರಿಗೆ. ನಿಮ್ಮ ಊರಲ್ಲಿ ಆಗದಿದ್ದರೆ ಕೇಳಿ ಮಾಡಿಸಿ. ನಮ್ಮಲ್ಲಿ ಎಲ್ಲರೂ ಆಟದ ಮೈದಾನ, ಕಂಪ್ಯೂಟರ್ ಕೇಳಿದರು. 3ನೇ ತರಗತಿಯ ಒಬ್ಬಳು ಎದ್ದು, “ಶೌಚಾಲಯದ ಚಿಲಕ ಮೇಲೆ ಐತ್ರಿ. ಒಂದನೇತ್ತದವ್ರಿಗೆ ನಿಲುಕಂಗಿಲ್ಲ” ಅಂದಳು. ಅವಳಿಗೆ ನಿಲುಕುತ್ತಿತ್ತು. ಮೈದಾನ ಇನ್ನೂ ಬಂದಿಲ್ಲ. ಚಿಲಕ ಮಾರನೇ ವಾರವೇ ಕೆಳಗೆ ಬಂತು, ಮೂರು ಮೊಳೆ ಖರ್ಚು.

---

ನವನಗರದ ಅಮ್ಮ · ಸೆಪ್ಟೆಂಬರ್ 20, ರಾತ್ರಿ 9:15

ತಡವಾಯಿತು, ಕ್ಷಮಿಸಿ. ಗಣೇಶ ಹಬ್ಬ, ಆಮೇಲೆ ಇಬ್ಬರಿಗೂ ಜ್ವರ.

ಶಾಲೆಗೆ ಹೋಗಿದ್ದೆ. ಕಾಯ್ದೆ ಎತ್ತಲಿಲ್ಲ, ಫ್ರಿಜ್ ಮೇಲಿನ ಚೀಟಿಯ ಫೋಟೋ ತೋರಿಸಿದೆ. ಟೀಚರ್ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಅವರ ಕಷ್ಟವನ್ನೂ ಹೇಳಿಕೊಂಡರು. 48 ಮಕ್ಕಳು, ಕಾಯ್ದೆ ಪ್ರಕಾರ 30ಕ್ಕೆ ಒಬ್ಬರಿರಬೇಕು. ಮಾಸ್ತರು ಹೇಳಿದ ‘ಬೇಕಾದವರು’ ಪಟ್ಟಿಯ ಬಗ್ಗೆ ಹೇಳಿದೆ. ಒಂದು ತಿಂಗಳು ನೋಡೋಣ ಅಂದರು. ಲೀಡರ್ ವಾರಕ್ಕೊಬ್ಬರು.

ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ಬ್ಯಾಡ್ಜ್ ವಾಪಸ್ ಕೊಡುವ ದಿನ ನನ್ನ ಮಗಳು ಊಟ ಬಿಟ್ಟಳು. ಅತ್ತೆ ನನ್ನ ಮೇಲೆ ಸಿಟ್ಟಾದರು, ಹಂಚಿದ ಪೇಢೆ ವ್ಯರ್ಥವಾಯಿತಂತೆ. ಪಟ್ಟಿ ಶುರುವಾದ ಮೂರನೇ ದಿನ 31 ಮಕ್ಕಳು ‘ನೀರು’ ಅಂತ ಬರೆಸಿದರು, ಹೊರಗೆ ಹೋಗಿ ಆಡಲು. ಆ ವಾರದ ಲೀಡರ್ ಒಬ್ಬ ಕಿಲಾಡಿ ಹುಡುಗ. ಸೀದಾ ಬಕೆಟ್ ಮತ್ತು ಲೋಟ ತಂದು ಕ್ಲಾಸಿನೊಳಗೇ ಇಟ್ಟನಂತೆ. ಈಗ ನೀರು ಬರೆಸುವವರು ಕಡಿಮೆ.

ಗೆಳತಿ ಇನ್ನೂ ಪೂರ್ತಿ ಮಾತಾಡುತ್ತಿಲ್ಲ. ಆದರೆ ಕಳೆದ ಮಂಗಳವಾರ ಅವಳ ಲೀಡರ್ ವಾರ. ಬೋರ್ಡ್ ಮೇಲೆ ನನ್ನ ಮಗಳ ಹೆಸರು ಬರೆದು, ಮುಂದೆ ‘ರಬ್ಬರ್’ ಅಂತ ಬರೆದಳಂತೆ. ಇವಳು ಕೇಳಿಯೇ ಇರಲಿಲ್ಲ, ಬೆರಳಿಗೆ ಎಂಜಲು ಹಚ್ಚಿ ಉಜ್ಜುತ್ತಿದ್ದಳು. ತನ್ನ ರಬ್ಬರನ್ನು ಅರ್ಧ ಕಚ್ಚಿ ಮುರಿದು ಕೊಟ್ಟಳಂತೆ. ಹಲ್ಲಿನ ಗುರುತು ಇರುವ ಆ ತುಂಡು ಕಂಪಾಸ್ ಪೆಟ್ಟಿಗೆಯಲ್ಲಿದೆ, ಇವಳು ಅದನ್ನು ಬಳಸುತ್ತಿಲ್ಲ.

ಕೋಚಿಂಗ್ ಅಪ್ಪ · ರಾತ್ರಿ 9:50

ಚಾಪೆ ಹಾಕಿದೆ. ವಾರಕ್ಕೆ ಎರಡು ದಿನ ಇಬ್ಬರೂ ಕೂರುತ್ತಾರೆ. ಸೆಂಟರ್ ಇನ್ನೂ ಬಿಡಿಸಿಲ್ಲ. ಇಷ್ಟೇ ಸದ್ಯಕ್ಕೆ.

ಖಡಕ್ ರೊಟ್ಟಿ · ರಾತ್ರಿ 10:02

ಎಲ್ಲ ಓದಿದೆ. ಮುಖ್ಯ ವಿಷಯ ಬಿಟ್ಟಿದ್ದೀರಿ. ಫ್ರಿಜ್ ಮೇಲಿನ ಚೀಟಿ?

ನವನಗರದ ಅಮ್ಮ · ರಾತ್ರಿ 10:06

ತಲೆಬರಹ ಹೊಡೆದು ‘ಬೇಕಾದವರು’ ಅಂತ ಮಾಡಿದ್ದಾಳೆ. ಅಜ್ಜಿ: ಕನ್ನಡಕ. ತಮ್ಮ: ಎತ್ತಿಕೊಳ್ಳಬೇಕು. ಅಪ್ಪನ ಹೆಸರಿನ ಮುಂದೆ ಎರಡು ಗುಣಾಕಾರ ಹಾಗೇ ಇವೆ. ಅವು ಬೇರೆ ಲೆಕ್ಕವಂತೆ.